ಬಾಡಿಗೆ ಮನೆಯ ತಳಿ

ಆಟೋದಿಂದ ಮೊದಲು ಇಳಿದದ್ದು ನಾಯಿ. ಅದರ ಹಿಂದೆ ಹಗ್ಗ, ಹಗ್ಗದ ಹಿಂದೆ ಸಂಗಮೇಶ, ಸಂಗಮೇಶನ ಇನ್ನೊಂದು ಕೈಯಲ್ಲಿ ಸೇವಂತಿಗೆಯ ಹಾರ. ಬಿಟಿಎಂ ಲೇಔಟಿನ ಆ ಅಡ್ಡರಸ್ತೆಯಲ್ಲಿ ಶಾಮಿಯಾನದ ಕೆಳಗೆ ಕೂತಿದ್ದ ದುಂಡಪ್ಪನ ಆಫೀಸಿನವರು ಮಾತು ನಿಲ್ಲಿಸಿ ನೋಡಿದರು. ಸಾವಿನ ಮನೆಗೆ ಹಾರ ತರುವವರುಂಟು, ಊದಿನಕಡ್ಡಿ ತರುವವರುಂಟು. ನಾಯಿ ತಂದವನನ್ನು ಅವರು ಕಂಡಿರಲಿಲ್ಲ.

ಗೇಟಿನಲ್ಲಿ ಮನೆಯ ಮಾಲೀಕರು ಗುಂಡಣ್ಣನವರು ಅಡ್ಡ ನಿಂತರು. ಮಹಡಿಯ ಮೇಲೆ ಅವರ ವಾಸ. ಕೆಳಗಿನ ಮನೆಯಲ್ಲಿ ದುಂಡಪ್ಪ ಹದಿನಾರು ವರ್ಷದಿಂದ ಬಾಡಿಗೆಗಿದ್ದ. ಕೆಳಗೆ ಹೆಣ ಇರುವ ತನಕ ಮೇಲೆ ಒಲೆ ಹಚ್ಚುವಂತಿಲ್ಲವಾದ್ದರಿಂದ ಗುಂಡಣ್ಣನವರಿಗೆ ಬೆಳಗಿನ ಕಾಫಿಯೂ ಆಗಿರಲಿಲ್ಲ. ಕಾಫಿ ಕುಡಿಯದ ಗುಂಡಣ್ಣನವರ ಹತ್ತಿರ ಹೆಂಡತಿ ಸೀತಮ್ಮನವರೂ ಸುಳಿಯುವುದಿಲ್ಲ.

“ಏನ್ರೀ ಸಂಗಮೇಶ್, ಬುದ್ಧಿ ಇದ್ಯೇನ್ರೀ? ಇದೇನು ಡಾಗ್ ಷೋನಾ?”

“ವೈನಿ ಫೋನ್ ಮಾಡಿದ್ರು ಸರ್. ‘ಬರೂ ಮುಂದ ಭೀಮನ್ನ ಕರ್ಕೊಂಡು ಬಾ’ ಅಂದ್ರು. ದುಂಡಪ್ಪಣ್ಣ ಹೋಗ್ಯಾರ ಅಂತ ಆಮ್ಯಾಲ ಹೇಳಿದ್ರು.”

ನಾಲ್ಕು ವರ್ಷದಿಂದ ಅವನು ಈ ಗೇಟು ದಾಟಿರಲಿಲ್ಲ. ದುಂಡಪ್ಪನ ಊರಿನವನೇ, ಉತ್ತರಹಳ್ಳಿಯಲ್ಲಿ ಗ್ರಿಲ್ ಮಾಡುವ ವರ್ಕ್‌ಶಾಪ್ ಇಟ್ಟುಕೊಂಡವನು. ಒಂದು ಕಾಲಕ್ಕೆ ಒಡಹುಟ್ಟಿದ ತಮ್ಮನಂತೆ ಈ ಮನೆಯಲ್ಲಿ ಉಂಡು ತಿಂದು ಇದ್ದವನು.

ಒಳಗಿಂದ ದುಂಡಪ್ಪನ ಹೆಂಡತಿ ಪಾರವ್ವ ಬಂದಳು. ನೆತ್ತಿಯ ಮೇಲೆ ಸೆರಗು, ಕಣ್ಣು ಕೆಂಪು. ಮೊದಲು ಭೀಮನ ಕಾಲು, ಬೆನ್ನು, ಬಾಲ ನೋಡಿದಳು. ಆಮೇಲೆ ಸಂಗಮೇಶನ ಮುಖ ನೋಡಿದಳು.

“ಮೊದ್ಲ ನಿಮ್ಮಣ್ಣಗ ಹಾರ ಹಾಕು. ಆಮ್ಯಾಲ ನಾಯಿ ಕೆಲಸ. ಚಂದ್ರಿ ಇವತ್ತು ಗಂಡಿಗಿ ನಿಂತಾಳ. ನಾಳೆ ನಿಲ್ಲಂಗಿಲ್ಲ.”

ಚಂದ್ರಿ ದುಂಡಪ್ಪನ ನಾಯಿ. ಅವನು ಇಷ್ಟು ವರ್ಷ ಕೂತು ಕಟ್ಟಿದ ತಳಿಯಲ್ಲಿ ಮರಿ ಹಾಕಬಲ್ಲ ಹೆಣ್ಣು ಉಳಿದದ್ದು ಅದೊಂದೇ, ಗಂಡು ಉಳಿದದ್ದು ಸಂಗಮೇಶನ ಭೀಮನೊಂದೇ. ಚಂದ್ರಿಗೆ ವಯಸ್ಸಾಗಿತ್ತು. ಈ ಸಲದ ಬೆದೆ ತಪ್ಪಿದರೆ ಇನ್ನೊಂದು ಬರುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಬೀದಿಯ ಗಂಡುನಾಯಿಗಳಿಗೆ ಈ ಸುದ್ದಿ ದುಂಡಪ್ಪನ ಸಾವಿನ ಸುದ್ದಿಗಿಂತ ಮೊದಲೇ ಮುಟ್ಟಿತ್ತು. ಶಾಮಿಯಾನದ ಅಂಚಿನಲ್ಲಿ ಅವೂ ನೆಂಟರ ಹಾಗೆ ಬಂದು ಕೂತಿದ್ದವು.

*

ತೊಂಬತ್ತೊಂದರಲ್ಲಿ ದುಂಡಪ್ಪ ವರ್ಗವಾಗಿ ಬೆಂಗಳೂರಿಗೆ ಬಂದಾಗ ಜೊತೆಗೆ ಹೆಂಡತಿ, ಮಗಳು ಮತ್ತು ಒಂದು ಮುಧೋಳ ನಾಯಿ ಇದ್ದವು. ಮೂವರಿಗೆ ಮನೆ ಸಿಗುತ್ತಿತ್ತು, ನಾಲ್ಕನೆಯದಕ್ಕೆ ಸಿಗಲಿಲ್ಲ. ಜಯನಗರ, ಜೆ.ಪಿ. ನಗರ ಎಲ್ಲ ಸುತ್ತಿ ಕೊನೆಗೆ ಗುಂಡಣ್ಣನವರ ಮುಂದೆ ನಿಂತ.

“ನಾಯಿ ಬೊಗಳೋ ಸದ್ದು ನನ್ನ ಕಿವಿಗೆ ಬಿತ್ತು ಅಂದ್ರೆ ಆ ತಿಂಗಳೇ ಖಾಲಿ ಮಾಡ್ಬೇಕು, ಒಪ್ಪಿಗೆನಾ?” ಎಂದರು ಗುಂಡಣ್ಣನವರು. ಆಗಲ್ಲ ಅಂತಾನೆ, ಹೋಗ್ತಾನೆ ಎಂಬ ಲೆಕ್ಕ ಅವರದು.

ದುಂಡಪ್ಪ ಒಪ್ಪಿಬಿಟ್ಟ. ಬೇಟೆಗೆ ಹುಟ್ಟಿದ ಉದ್ದ ಕಾಲಿನ ನಾಯಿ ಎರಡು ಕೋಣೆಯ ಮನೆಯಲ್ಲಿ ಗೋಡೆಯಿಂದ ಗೋಡೆಗೆ ಓಡಾಡುವುದನ್ನು ಅವನಿಗೆ ನೋಡಲಾಗುತ್ತಿರಲಿಲ್ಲ. ಆಗಲೇ ಬಸ್ ಸ್ಟಾಪಿನ ಟೀ ಅಂಗಡಿಯ ಕೆಳಗೆ ಮಲಗುವ ಒಂದು ಗಿಡ್ಡ ಗಂಡುನಾಯಿ ಅವನ ಕಣ್ಣಿಗೆ ಬಿತ್ತು. ಬೀದಿಯದು. ಜಗತ್ತೇ ಬೊಗಳಿದರೂ ಅದು ಬೊಗಳುತ್ತಿರಲಿಲ್ಲ, ಎದ್ದು ನಿಂತು ನೋಡುತ್ತಿತ್ತು ಅಷ್ಟೆ. ಆ ವರ್ಷ ಇವೆರಡಕ್ಕೂ ಮರಿಯಾದವು. ಅರೆಕೆರೆಯಲ್ಲಿ ಅಂಥದೇ ಇನ್ನೆರಡು ಗಿಡ್ಡ ನಾಯಿಗಳನ್ನು ಹುಡುಕಿ ತಂದ. ಪ್ರತಿ ಸಲವೂ ಸುಮ್ಮನಿರುವ, ಗಿಡ್ಡಗಿರುವ ಮರಿಗಳನ್ನು ತಳಿಗೆ ಇಟ್ಟುಕೊಂಡ. ಮಿಕ್ಕವನ್ನು ಪ್ರೀತಿಯಿಂದಲೇ ಸಾಕುವವರಿಗೆ ಕೊಟ್ಟ, ತಳಿಯ ಹೆಸರು ಮಾತ್ರ ಕೊಡಲಿಲ್ಲ.

ಹತ್ತು ವರ್ಷ ಕಳೆಯುವುದರೊಳಗೆ ಒಂದು ಹೊಸ ನಾಯಿಯೇ ನಿಂತಿತ್ತು. ಮೊಣಕಾಲೆತ್ತರ, ಮುಧೋಳದ ಚೂಪು ಮುಖ, ಉದುರದ ಸಣ್ಣ ಕೂದಲು, ರೊಟ್ಟಿ ಮೊಸರು ಹಾಕಿದರೆ ಸಾಕು. ಹೊಸ್ತಿಲು ದಾಟಿ ಬಂದ ಕಳ್ಳನಿಗೆ ಬಿಟ್ಟರೆ ಬೇರೆಯವರಿಗೆ ಬೊಗಳದು. ಬಾಡಿಗೆ ಮನೆಯವರಿಗೆಂದೇ ಹುಟ್ಟಿದ ನಾಯಿ. ಜನ ‘ದುಂಡಪ್ಪನ ಗಿಡ್ಡ’ ಎಂದು ಕರೆದರು. ಮರಿ ಕೊಡುವಾಗ ಅವನದೊಂದೇ ಕರಾರು: ನನ್ನ ಕೇಳದೆ ಜೋಡಿ ಮಾಡಬಾರದು.

“ಬೀದಿ ನಾಯಿ ಮೊಮ್ಮಗಳಿಗೆ ಇದೆಂಥ ಮಡಿ ಸ್ವಾಮಿ!” ಎಂದು ಗುಂಡಣ್ಣನವರು ನಗುತ್ತಿದ್ದರು.

“ಹಾಲು ಯಾವ ಆಕಳದ್ದಾರ ಇರಲಿ ಸರ್,” ಎನ್ನುತ್ತಿದ್ದ ದುಂಡಪ್ಪ. “ಹೆಪ್ಪು ಹಾಕಿದ ಮ್ಯಾಲ ಅದ್ರಾಗ ಕೈ ಆಡಸಬಾರದು.”

*

ಜೋಡಿ ಮಾಡಲು ಜಾಗವೇ ಇರಲಿಲ್ಲ. ಮುಂದೆ ಜನ, ಒಳಗೆ ದುಂಡಪ್ಪ, ಹಿಂದೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಸಂದು. ಉಳಿದದ್ದು ಗುಂಡಣ್ಣನವರ ತಾರಸಿ. ಅದರ ಬೀಗದ ಕೈ ಅವರ ಉಡಿದಾರದಲ್ಲಿತ್ತು.

“ಸಾಧ್ಯವೇ ಇಲ್ಲ ಪಾರವ್ವನವರೇ. ಹೆಣ ಎತ್ತೋವರ್ಗೂ ನಾವು ದೇವರ ದೀಪ ಹಚ್ಚೋ ಹಾಗಿಲ್ಲ, ಕಾಫಿ ಕುಡಿಯೋ ಹಾಗಿಲ್ಲ. ನಮ್ಮ ತಲೆ ಮೇಲೆ ನಾಯಿ ಮದುವೆನಾ?”

“ಅವ್ವಾ, ಮಂದಿ ನೋಡಾಕತ್ತಾರ,” ಎಂದು ಮಗಳು ರಾಜಶ್ರೀ ತಾಯಿಯ ಸೆರಗು ಜಗ್ಗಿದಳು. “ಅಪ್ಪನ್ನ ಮಣ್ಣ ಮಾಡೂ ದಿನಾನ ಇದೆಲ್ಲ ಬೇಕಾ?”

ಪಾರವ್ವ ಸೆರಗು ಬಿಡಿಸಿಕೊಂಡಳು. ಒಳಗೆ ಹೋಗಿ, ವಿಧಿ ಮಾಡಿಸಲು ಬಂದಿದ್ದ ಅಯ್ಯನವರ ಮುಂದೆ ನಿಂತಳು. ದುಂಡಪ್ಪ ಗೋಡೆಗೊರಗಿ ಕೂತಿದ್ದ. ಲಿಂಗಾಯತರ ಪದ್ಧತಿಯಂತೆ ಹಣೆಗೆ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟು, ಬಿಲ್ವಪತ್ರೆ ಏರಿಸಿ ಕೂರಿಸಿದ್ದರು. ನೋಡಿದರೆ ಬ್ಯಾಂಕಿನಲ್ಲಿ ತನ್ನ ಸರದಿ ಕಾಯುತ್ತ ಕಣ್ಣು ಮುಚ್ಚಿದವನ ಹಾಗಿದ್ದ.

“ಅಯ್ಯನವರ, ನಮ್ಮೊಳಗ ಸೂತಕ ಐತೇನ್ರಿ?”

“ಲಿಂಗ ಕಟ್ಟಿದವರಿಗೆ ಎಲ್ಲೀ ಸೂತಕ ಯವ್ವಾ?” ಎಂದರು ಅಯ್ಯನವರು, ವಿಭೂತಿಗಟ್ಟಿ ಕೆಳಗಿಡುತ್ತ. “ಹುಟ್ಟಿಗೂ ಇಲ್ಲ, ಸಾವಿಗೂ ಇಲ್ಲ. ಯಾಕ ಕೇಳಿದಿ?”

ಅವಳು ಹೇಳಿದಳು. ಅಯ್ಯನವರು ಒಂದು ಗಳಿಗೆ ದುಂಡಪ್ಪನ ಮುಖ ನೋಡಿದರು. ಅವರ ಮನೆಯಲ್ಲೂ ಒಂದು ಗಿಡ್ಡ ಇದ್ದು, ಎರಡು ವರ್ಷದ ಹಿಂದೆ ವಾಂತಿ-ಭೇದಿಯ ರೋಗ ಬಂದಾಗ ಸತ್ತಿತ್ತು. ಆ ರೋಗವೇ ತಳಿಯ ಅರ್ಧ ಮನೆ ಖಾಲಿ ಮಾಡಿದ್ದು. ಉಳಿದ ಕೆಲವಕ್ಕೆ ಸಾಕಿದವರೇ ಆಪರೇಷನ್ ಮಾಡಿಸಿದ್ದರು.

“ಒಂದು ಮರಿ ನನಗ ತೆಗೆದಿಡ್ರಿ,” ಎಂದರು ಅಯ್ಯನವರು.

ಗುಂಡಣ್ಣನವರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. “ನಿಮ್ಮಲ್ಲಿ ಇಲ್ದೇ ಇರಬಹುದು ಸ್ವಾಮಿ, ನಮ್ಮಲ್ಲಿದೆಯಲ್ಲ” ಎಂದು ಗೊಣಗಿದರು. ಅಷ್ಟರಲ್ಲಿ ಅವರ ಹಿಂದಿನಿಂದ ಸೀತಮ್ಮನವರು ಗಂಡನ ಉಡಿದಾರಕ್ಕೇ ಕೈ ಹಾಕಿ ಬೀಗದ ಕೈ ಬಿಚ್ಚಿಕೊಂಡರು. ಐವತ್ತು ಜನರ ಮುಂದೆ.

“ಮದುವೆನೂ ಇಲ್ಲ ಮುಂಜಿನೂ ಇಲ್ಲ, ಸುಮ್ನಿರಿ,” ಎಂದರು. “ಹದಿನಾರು ವರ್ಷ ಆ ಮನುಷ್ಯ ನಿಮ್ಮ ಒಂದು ಮಾತಿಗೆ ನಾಯಿಗಳಿಗೆ ಬೊಗಳೋದೇ ಮರೆಸಿದ. ನೀವು ಒಂದು ಗಂಟೆ ತಾರಸಿ ಕೊಡಕ್ಕಾಗಲ್ವಾ?”

*

ಸಂಗಮೇಶ ಕೆಟ್ಟವನಲ್ಲ, ಅವಸರದವನು. ಎರಡು ಸಾವಿರದ ಮೂರರಲ್ಲಿ ಅವನ ಹತ್ತಿರ ಭೀಮನಲ್ಲದೆ ಒಂದು ಹೆಣ್ಣೂ ಇತ್ತು. ವರ್ಕ್‌ಶಾಪಿನ ಗೇಟು ಹಾಕಲು ಮರೆತ ಒಂದು ಮಧ್ಯಾಹ್ನ ಪಕ್ಕದ ಮನೆಯ ಬಿಳಿ ಪೊಮೇರಿಯನ್ ಒಳಗೆ ನುಗ್ಗಿತು. ಊರೆಲ್ಲ ಪೊಮೇರಿಯನ್ ಸಾಕುವ ಕಾಲ ಅದು. ಮರಿಗಳು ಹುಟ್ಟಿದಾಗ ಚೆನ್ನಾಗೇ ಇದ್ದವು, ತಿಂಗಳು ತುಂಬುತ್ತಲೇ ಬಾಲದಲ್ಲಿ ಪೊರಕೆಯಂತೆ ಕೂದಲು ಕೆದರತೊಡಗಿತು.

ಆದದ್ದು ಆಯಿತು ಎಂದು ಒಪ್ಪಿಕೊಂಡಿದ್ದರೆ ದುಂಡಪ್ಪ ಎರಡು ಬೈದು ಸುಮ್ಮನಾಗುತ್ತಿದ್ದ. ಸಂಗಮೇಶ ಕತ್ತರಿ ತೆಗೆದುಕೊಂಡು ಮರಿಗಳ ಬಾಲದ ಕೂದಲು ಕತ್ತರಿಸಿ ನುಣ್ಣಗೆ ಮಾಡಿ, ಎಣ್ಣೆ ಸವರಿ, ಅಣ್ಣನನ್ನು ಪರೀಕ್ಷೆಗೆ ಕರೆದ.

ಪರೀಕ್ಷೆ ಎಂದರೆ ಇಷ್ಟೇ: ದುಂಡಪ್ಪ ಮರಿಗಳ ಹತ್ತಿರ ಕೂತು ಚಹಾ ಕುಡಿಯುವನು, ಹೊರಗೆ ಯಾರಾದರೂ ಬೆಲ್ ಒತ್ತುವರು. ಗಿಡ್ಡದ ಮರಿಯಾದರೆ ಎದ್ದು ನಿಂತು ಬಾಗಿಲು ನೋಡುತ್ತದೆ. ಆ ದಿನ ಬೆಲ್ ಆದದ್ದೇ ತಡ, ಮೂರೂ ಮರಿಗಳು ಕಿರ್ರೋ ಎಂದು ಬೊಗಳುತ್ತ ಸೋಫಾ ಹತ್ತಿ ಇಳಿದು, ಒಂದು ದುಂಡಪ್ಪನ ಚಹಾಕ್ಕೇ ಕಾಲಿಟ್ಟಿತು. ದುಂಡಪ್ಪ ಮರಿಯ ಬಾಲವನ್ನು ಬೆರಳಲ್ಲಿ ಸವರಿ ನೋಡಿದ. ಎಣ್ಣೆಯ ಬೆರಳನ್ನು ಕರವಸ್ತ್ರಕ್ಕೆ ಒರೆಸಿ ಎದ್ದು ಹೋದ.

ಒಂದು ಮಾತೂ ಆಡಲಿಲ್ಲ. ಅಂದಿನಿಂದ ಆಡಲೇ ಇಲ್ಲ. ಭೀಮ ತಾನೇ ಕೈಯಾರೆ ಕೊಟ್ಟ ಮರಿ, ಅದರಲ್ಲಿ ಬೆರಕೆಯ ಮಾತೇ ಇಲ್ಲವೆಂದು ದುಂಡಪ್ಪನಿಗೂ ಗೊತ್ತಿತ್ತು. ಆದರೂ ಕತ್ತರಿ ಹಿಡಿದವನ ಬಾಗಿಲಿಗೆ ಹೋಗಲು ಮನಸ್ಸು ಬರಲಿಲ್ಲ. ಉಳಿದ ಗಂಡುಗಳು ಒಂದೊಂದೇ ಹೋದವು. ತಳಿ ತೆಳುವಾಗುತ್ತ ಬಂತು.

*

ತಾರಸಿಯ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಚಂದ್ರಿ ನಿಂತಿದ್ದಳು. ಸಂಗಮೇಶ ಹಗ್ಗ ಬಿಚ್ಚುವುದಕ್ಕೆ ಮುಂಚೆ ಕೈ ತಡೆದ.

“ವೈನಿ, ಇದು ಅಣ್ಣಗ ಬೇಕಾಗಿತ್ತೇನು? ಇಲ್ಲಾಂದ್ರ ನಾನು ವಾಪಸ್ ಹೊಕ್ಕೀನಿ. ಅವರು ಬ್ಯಾಡ ಅಂದದ್ದನ್ನ ಅವರು ಹೋದ ದಿನಾನ ಮಾಡೂದು ನನಗಾಗಂಗಿಲ್ಲ.”

ಪಾರವ್ವ ಮೆಟ್ಟಿಲ ಮೇಲೆ ಕುಕ್ಕರಿಸಿದಳು. ಬೆಳಗಿನಿಂದ ಮೊದಲ ಬಾರಿಗೆ ಅವಳಿಗೆ ಬಿಕ್ಕಿ ಅಳು ಬಂತು.

“ಮೊನ್ನೆ ಇವರು ತಲಿ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಹೊರಗ ಹೋದ್ರು. ಎಲ್ಲಿಗಿ ಅಂದೆ, ಹೇಳಲಿಲ್ಲ. ತಾಸು ಬಿಟ್ಟು ಬಂದ್ರು. ‘ಉತ್ತರಹಳ್ಳಿಗಿ ಹೊಂಟಿದ್ದೆ ಪಾರೂ, ಬಸ್ಸ ಸಿಗಲಿಲ್ಲ’ ಅಂದ್ರು.” ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. “ಬನಶಂಕರಿಗಿ ಹೋಗೂ ಬಸ್ಸು ಒಂದರ ಬೆನ್ನಿಗಿ ಒಂದು ಬರ್ತಾವಲ್ಲೋ. ಅಲ್ಲಿಂದ ನಿಮ್ಮ ಉತ್ತರಹಳ್ಳಿ ಎಷ್ಟ ದೂರ?”

ಸಂಗಮೇಶ ಟ್ಯಾಂಕಿನ ಕಡೆ ಮುಖ ತಿರುಗಿಸಿಕೊಂಡ.

“ಮೂವತ್ತೈದು ವರ್ಷ ನಾ ಅವರ ಮಾತು ಕೇಳೀನಿ,” ಎಂದಳು ಪಾರವ್ವ. “ಇವತ್ತೊಂದು ದಿನ ಅವರು ನನ್ನ ಮಾತು ಕೇಳಲಿ. ಹಗ್ಗ ಬಿಚ್ಚು.”

ಅವನು ಬಿಚ್ಚಿದ. ಪಾರವ್ವ ಕೆಳಗಿಳಿದು ಹೋಗಿ ಗಂಡನ ಪಕ್ಕದಲ್ಲಿ ಕೂತಳು.

ಮೆಟ್ಟಿಲ ಬಾಗಿಲಲ್ಲಿ ಗುಂಡಣ್ಣನವರು ನಿಂತಿದ್ದರು. ತಾರಸಿಗೆ ಏನೂ ಆಗದಂತೆ ನೋಡಿಕೊಳ್ಳಲು ಬಂದಿದ್ದೇನೆ ಎಂಬ ಮುಖ. ಭೀಮ ಹತ್ತಿರ ಹೋದ, ಚಂದ್ರಿ ಸುತ್ತು ಹಾಕಿದಳು, ನಿಂತಳು. ಗುಂಡಣ್ಣನವರು ಆಕಾಶ ನೋಡಿದರು. ಮತ್ತೆ ಕಣ್ಣು ಇಳಿಸಿದಾಗ ಎರಡೂ ಒಂದಕ್ಕೊಂದು ಅಂಟಿಕೊಂಡು ಬೆನ್ನಿಗೆ ಬೆನ್ನು ಹಾಕಿ ನಿಂತಿದ್ದವು. ಸಂಗಮೇಶ ಎರಡರ ಕೊರಳನ್ನೂ ಹಿಡಿದು ಕೂತಿದ್ದ.

“ತಾವಾಗೇ ಬಿಡೂ ತನಕ ಹಿಡಿಬೇಕ್ರಿ ಸರ್. ಜಗ್ಗಿದ್ರ ಚಂದ್ರಿಗಿ ಪೆಟ್ಟಾಕ್ಕೈತಿ. ಇದು ಅಣ್ಣ ಕಲಿಸಿದ್ದು.”

ಆಗಲೇ ಕೆಳಗಿನಿಂದ ಕೂಗು ಬಂತು. ಹೊತ್ತಾಯಿತು, ದುಂಡಪ್ಪನನ್ನು ಕೂರಿಸಿ ಒಯ್ಯಲು ಬಾಳೆಕಂಬ ಕಟ್ಟಿದ ವಿಮಾನ ಸಿದ್ಧವಾಗಿದೆ, ಟೆಂಪೋ ನಿಂತಿದೆ. ಮೆಟ್ಟಿಲ ಕೆಳಗೆ ನಿಂತು ರಾಜಶ್ರೀ ಕೂಗಿದಳು, “ಕಾಕಾ! ಮುಂದಿನ ಹೆಗಲು ನಿಮ್ಮದಂತ. ಅವ್ವ ಬೇರೆ ಯಾರಿಗೂ ಕೊಡವಲ್ಲಳು. ಲಗೂ ಬರ್ರಿ!”

ಸಂಗಮೇಶ ನಾಯಿಗಳನ್ನು ನೋಡಿದ, ಮೆಟ್ಟಿಲನ್ನು ನೋಡಿದ. ಆಮೇಲೆ ಗುಂಡಣ್ಣನವರನ್ನು ನೋಡಿದ.

ಗುಂಡಣ್ಣನವರು ಹದಿನಾರು ವರ್ಷದಲ್ಲಿ ಒಂದು ನಾಯಿಯನ್ನೂ ಮುಟ್ಟಿದವರಲ್ಲ. ಕಾರಿಡಾರಿನಲ್ಲಿ ಗಿಡ್ಡ ಎದುರಾದರೆ ಪಂಚೆ ಎತ್ತಿ ಗೋಡೆ ಸವರಿಕೊಂಡು ಹೋಗುತ್ತಿದ್ದರು. “ನಾನಾ? ನನಗೆ ಬರಲ್ಲಪ್ಪ...” ಎನ್ನುತ್ತಲೇ ಪಂಚೆ ಮೇಲಕ್ಕೆ ಕಟ್ಟಿ, ಮೊಣಕಾಲೂರಿ, ಕೈ ಚಾಚಿದರು.

“ಗಟ್ಟಿ ಹಿಡೀರಿ ಸರ್. ಹೆದರಬ್ಯಾಡ್ರಿ, ಕಚ್ಚಂಗಿಲ್ಲ.”

“ಗೊತ್ತು, ಹೋಗ್ರೀ! ನಿಮ್ಮಣ್ಣ ಕಾಯ್ತಿದಾನೆ.”

ಸಂಗಮೇಶ ಮೆಟ್ಟಿಲು ಹಾರಿ ಇಳಿದ. ಸ್ವಲ್ಪ ಹೊತ್ತಿಗೆ ಶಂಖ ಮೊಳಗಿತು, ಹಿಂದೆಯೇ ಜಾಗಟೆ. ಬೀದಿಯ ನಾಯಿಗಳೆಲ್ಲ ಮುಖವೆತ್ತಿ ಒಟ್ಟಿಗೆ ಊಳಿಟ್ಟವು. ಆ ಗದ್ದಲದಲ್ಲಿ ತಾರಸಿಯ ಮೇಲಿನ ಎರಡು ನಾಯಿಗಳು ಕಿವಿ ನಿಮಿರಿಸಿ, ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ ನೋಡುತ್ತ ಸುಮ್ಮನೆ ನಿಂತಿದ್ದವು. ಅಂಗೈಯ ಕೆಳಗೆ ಅವುಗಳ ಎದೆ ಬಡಿದುಕೊಳ್ಳುತ್ತಿದ್ದುದು ಗುಂಡಣ್ಣನವರಿಗೆ ತಿಳಿಯುತ್ತಿತ್ತು.

“ಇವತ್ತು ಬೊಗಳಿದ್ರೂ ಪರ್ವಾಗಿಲ್ಲ ಕಣ್ರೋ,” ಎಂದರು ಮೆಲ್ಲಗೆ. ಅವು ಬೊಗಳಲಿಲ್ಲ.

ತಾರಸಿಯ ಮೋಟುಗೋಡೆಯಾಚೆ ರಸ್ತೆ ಕಾಣುತ್ತಿತ್ತು. ಸಂಗಮೇಶನ ಹೆಗಲ ಮೇಲಿಂದ ದುಂಡಪ್ಪನ ವಿಮಾನ ಟೆಂಪೋಗೆ ಏರಿತು. ಹೂವಿನ ನಡುವೆ ಕೂತ ಅವನು ಮಹಡಿಯ ಕಡೆಗೇ ಮುಖ ಮಾಡಿದ್ದ. ಜನರೆಲ್ಲ ಕೈ ಮುಗಿದರು. ಗುಂಡಣ್ಣನವರಿಗೂ ಕೈ ಮುಗಿಯಬೇಕೆನಿಸಿತು. ಬಲಗೈಯಲ್ಲಿ ಭೀಮ, ಎಡಗೈಯಲ್ಲಿ ಚಂದ್ರಿ. ಬಿಡುವಂತಿರಲಿಲ್ಲ. ಟೆಂಪೋ ತಿರುವಿನಲ್ಲಿ ಮರೆಯಾಗುವ ತನಕ ಅವರು ಎರಡೂ ಕೊರಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು ತಲೆ ಬಾಗಿಸಿ ಕೂತಿದ್ದರು.