ಯಾಮ್ನಾ ಕೊಟ್ಟ ದಿಂಬು

ತಲೆಮಾರುಗಳಿಂದ ಗಾಂಜಾ ಬೆಳೆಯುವ ಕೇತಾಮಾ ಬೆಟ್ಟಸೀಮೆಯ ನಮ್ಮ ಊರಲ್ಲಿ ಮೆಜ್ಯಾನ್ ಎಂಬ ದುರಾಸೆಯವನು ಹೈಬ್ರಿಡ್ ಗಾಂಜಾ ಹಾಕಿದ. ಅದರ ಪರಾಗ ಹಾರಿಬಂದು ನಮ್ಮ ನಾಟಿ ತಳಿ ಕೆಡುತ್ತಿತ್ತು. ಸೂಲಗಿತ್ತಿ ಯಾಮ್ನಾ ಕುಡುಗೋಲು ಹಿಡಿದು ಅವನ ಗಂಡುಗಿಡಗಳನ್ನೆಲ್ಲ ಕೊಚ್ಚಿಹಾಕಿದಳು. ಅವನು ಅವಳನ್ನು ಬಡಿದು ಕೈ ಮುರಿದು, ಅವಳು ನಾಟಿ ಬೀಜ ಕೂಡಿಟ್ಟಿದ್ದ ಕೋಣೆಗೆ ಬೆಂಕಿ ಇಟ್ಟ.

"ಮುಗೀತಲ್ಲ ಮುದುಕಿ, ನಿನ್ನ ನಾಟಿ ಬೀಜ?"

ಯಾಮ್ನಾ ರಕ್ತ ಉಗುಳಿದಳು. "ಎಲ್ಲಿ ಮುಗೀತೋ ಮೂಳ? ನಾನು ಹೆರಿಗೆ ಮಾಡಿಸಿದ ಪ್ರತಿ ಕೂಸಿಗೂ ಬೀಜ ತುಂಬಿದ ದಿಂಬು ಕೊಟ್ಟಿದ್ದೀನಿ. ನಿನ್ನ ಮಗಳ ತಲೆ ಕೆಳಗೂ ಅದೇ ಇದೆ. ಹೋಗು, ಸುಡು."

ಅವನು ಪಂಜು ಹಿಡಿದು ಮನೆಗೆ ಓಡಿದ. ಬಾಗಿಲಲ್ಲಿ ಹೆಂಡತಿ ಫದ್ಮಾ ಕೊಡಲಿ ಹಿಡಿದು ನಿಂತಿದ್ದಳು.

"ಒಳಗೆ ಕಾಲಿಟ್ರೆ ಕಾಲೇ ಕಡೀತೀನಿ."

ಅವನು ಕಾಲಿಟ್ಟ.

ಈಗ ಅವನ ಹೊಲದಲ್ಲೂ ಆ ದಿಂಬಿನ ಬೀಜದ ಗಿಡಗಳೇ. ಕುಂಟಿಕೊಂಡೇ ಕಳೆ ಕೀಳುತ್ತಾನೆ, ನಾಯಿ.