ತಾನಾಗಿ ತಿರುಗುವ ಗಾಜು

ಸೂಪಿನ ದೊಡ್ಡ ಬೋಗುಣಿ ಯಾರ ಕೈಯೂ ಸೋಕದೆ ಸರಿಯುತ್ತಿದೆ, ಮೇಜಿನ ನಡುವಿನ ದುಂಡು ಗಾಜಿನೊಡನೆ, ಮಧ್ಯಾಹ್ನದ ನೆರಳಿನಷ್ಟೇ ನಿಧಾನವಾಗಿ, ಶಶಿಕಲಾಳ ಮುಂದಿನಿಂದ ಲೋಕೇಶನ ಮುಂದಕ್ಕೆ, ಅಲ್ಲಿಂದ ಮೂಲೆಯ ಮೀನಿನ ತೊಟ್ಟಿಯ ದಿಕ್ಕಿಗೆ, ಅಲ್ಲಿ ಬಂದು ನಿಂತಿತು — ಆವಲಪ್ಪ ಬೆರಳ ತುದಿಯಿಂದ ಗಾಜನ್ನು ಹಿಂದಕ್ಕೆ ದೂಡಿದ, ಬೋಗುಣಿ ವಿಧೇಯವಾಗಿ ದೂರ ಹೋಯಿತು, ಬೆರಳು ತೆಗೆದ, ಅದು ಒಂದು ಕ್ಷಣ ಅನುಮಾನಿಸಿ ಮತ್ತೆ ಹೊರಟಿತು, ಅದೇ ದಿಕ್ಕಿಗೆ, ಇಳಿಜಾರನ್ನು ಕಾಲಿನಿಂದಲೇ ಬಲ್ಲ ಎತ್ತಿನ ಹಾಗೆ. ನೋಡಿ ದೊಡ್ಡಪ್ಪ, ಕೈ ಚಾಚೋದೇ ಬೇಡ, ಊಟವೇ ನಮ್ಮ ಹತ್ರ ನಡ್ಕೊಂಡ್ ಬರ್ತದೆ, ಎಂದು ಲೋಕೇಶ ನಕ್ಕ, ಆವಲಪ್ಪನ ತಮ್ಮ ಚಿಕ್ಕಬೈರಪ್ಪನ ಮಗ, ತಾಯಿಯಿಲ್ಲದ ಕೂಸೆಂದು ಆವಲಪ್ಪನೂ ಹೆಂಡತಿ ಬೈರಮ್ಮನೂ ಎದೆಗೆ ಹಾಕಿಕೊಂಡು ಬೆಳೆಸಿದವನು, ಈಗ ಈ ಕಟ್ಟಡದ ಯಜಮಾನ, ವೈಟ್‌ಫೀಲ್ಡಿನ ಈ ರಸ್ತೆಯಲ್ಲಿ ಇಷ್ಟು ಗಾಜು ಹಾಕಿಸಿದವರು ಬೇರೆ ಯಾರೂ ಇಲ್ಲವೆಂಬ ಹೆಮ್ಮೆ ಅವನ ಕೊರಳಪಟ್ಟಿಯಲ್ಲೂ ಇದೆ. ಕೆಳಗಿನ ಅಂತಸ್ತನ್ನು ಬಾಡಿಗೆಗೆ ಹಿಡಿದ ಚೀನೀ ಹೋಟೆಲಿನವರು ಇವತ್ತು ಯಜಮಾನರ ಮನೆಯವರಿಗೆಂದೇ ಊಟ ಇಟ್ಟಿದ್ದಾರೆ, ಕೆಂಪು ಕಾಗದದ ದೀಪಗಳು, ಕರಿಮರದ ಕೆತ್ತನೆ, ಬಾಗಿಲಲ್ಲಿ ಕೈಮುಗಿದ ಹುಡುಗಿಯರು, ಶುಂಠಿಯ ಹಬೆ, ಎಳ್ಳೆಣ್ಣೆಯ ಘಮ, ಹೊರಗೆ ವಾರದಿಂದ ಬಿಡದ ಮಳೆ. ಇದೇನ್ಲಾ ಮಗ ಈ ಕಡ್ಡಿ, ಇದ್ರಾಗೆ ಮುದ್ದೆ ಮುರಿಯಾದು ಎಂಗೆ, ಎಂದಳು ಬೈರಮ್ಮ, ಇದ್ರಾಗೆ ಉಣ್ಣೋರು ಕೈ ತೊಳ್ಯೋ ಒತ್ಗೆ ತಿರ್ಗ ಅಸ್ಕಂಡಿರ್ತಾರೆ. ಎಲ್ಲರೂ ನಕ್ಕರು, ಆವಲಪ್ಪನೂ ನಕ್ಕ, ನಗುತ್ತಲೇ ಕಣ್ಣು ಗಾಜಿನ ಮೇಲೆ, ಅದು ಬರುತ್ತಿದೆ, ಮತ್ತೆ ಅಲ್ಲಿಗೇ.

ಈ ರೂಮು ನಮ್ಮ ಸ್ಪೆಷಲ್ ಸಾರ್, ಎಂದ ಕರಿಕೋಟಿನ ಮ್ಯಾನೇಜರ್ ನಂದೀಶ್, ಪಾರ್ಕಿಂಗ್‌ಗೆ ಅಂತ ಬಿಟ್ಟಿದ್ದ ಜಾಗ ಇದು, ಆಮೇಲೆ ಲೋಕೇಶ್ ಸಾರ್ ಹತ್ರ ಕೇಳ್ಕೊಂಡು ಗಾಜಿನ ರೂಮ್ ಕಟ್ಟಿಸಿದ್ವಿ, ಕೆಳಗೆ ಪಿಲ್ಲರ್ ಗಿಲ್ಲರ್ ಏನೂ ಇಲ್ಲ, ಬರೀ ನೆಲದ್ ಮೇಲೆ ಕಾಂಕ್ರೀಟು, ಅದಕ್ಕೇ ನೋಡಿ ಎಷ್ಟು ವಿಶಾಲ — ಬರೀ ನೆಲದ ಮೇಲೆ, ಆವಲಪ್ಪನ ಕಣ್ಣು ಗಾಜಿನ ಗೋಡೆಯಾಚೆ ಮಳೆಯನ್ನು ಸರಿಸಿ ಮುನೇಶ್ವರನ ಕಟ್ಟೆಯನ್ನು ಹುಡುಕಿತು, ಇದೆ, ಟೆಕ್ ಪಾರ್ಕಿನ ಕಾಂಪೌಂಡಿಗೆ ಒತ್ತಿಕೊಂಡು ಬೇವಿನ ಮರವೊಂದು ಅದನ್ನು ಇನ್ನೂ ಕಾಯುತ್ತಿದೆ, ಕಟ್ಟೆಯನ್ನು ಎಡಗೈಗೆ ಬಿಟ್ಟುಕೊಂಡು ಕೆರೆ ಏರಿಯತ್ತ ಮುಖ ಮಾಡಿದರೆ ನೇರ ಇಳಿಯುತ್ತಿತ್ತು ಕಪಿಲೆಯ ದಾರಿ, ನೀರೆತ್ತುವ ಎತ್ತುಗಳು ತೊಗಲಿನ ಚೀಲದ ಭಾರ ಎಳೆದುಕೊಂಡು ಇಳಿಯುತ್ತಿದ್ದ ದಾರಿ, ಹಿಂದು ಹಿಂದಾಗಿ ಹತ್ತುತ್ತಿದ್ದ ದಾರಿ, ಹಗ್ಗದ ಕಿರುಗುಡುವಿಕೆ, ನೀರು ದೋಣಿಗೆ ಬಿದ್ದಾಗ ನೆಲಕ್ಕೆಲ್ಲ ಹಬ್ಬುತ್ತಿದ್ದ ತಂಪು, ದಾರಿಯ ತಲೆಯಲ್ಲಿ ಕಲ್ಲುಕಂಬ, ಕಂಬದಡಿ ಬಾವಿ, ಮತ್ತು ಬಾವಿಯ ಬಾಯಿ ಇದ್ದದ್ದು — ಅವನು ತಲೆ ತಿರುಗಿಸಲಿಲ್ಲ, ತಿರುಗಿಸಬೇಕಾಗಿರಲಿಲ್ಲ, ಬೋಗುಣಿ ಅಲ್ಲಿಗೇ ಹೋಗಿ ನಿಂತಿತ್ತು. ಬಾವಿಯ ಅಂಚಿನ ಮೇಲೆ ಕೊಡ ಇಟ್ಟಿದ್ದಳು ಮುನಿತಾಯಮ್ಮ, ತಮ್ಮನ ಹೆಂಡತಿ, ಬರಿದಾದ ಕೊಡ, ಅದರ ಬಾಯಿಗೆ ಸಿಂಬೆಯನ್ನು ಅಚ್ಚುಕಟ್ಟಾಗಿ ಕೂರಿಸಿ, ಒಳಗೆ ಹೋಗಿ ಈಗ ಬರುತ್ತೇನೆ ಎಂಬಂತೆ, ಮನೆಯಲ್ಲಿ ತೊಟ್ಟಿಲು ಇನ್ನೂ ತೂಗುತ್ತಿತ್ತು, ಹಾಲು ಕುಡಿದು ಮಲಗಿದ್ದ ಕೂಸು ಲೋಕೇಶ; ಯಾಕೆಂದು ಅವಳು ಯಾರಿಗೂ ಹೇಳಿ ಹೋಗಲಿಲ್ಲ. ಮುಚ್ಚಿ, ಮುಚ್ಚಿ ಅದನ್ನ, ಕಣ್ಣಿಗೆ ಬೀಳ್ಬಾರ್ದು, ಎಂದು ತಮ್ಮ ಹುಚ್ಚನಂತೆ ಕೂಗುತ್ತಿದ್ದ, ಊರೇ ಸೇರಿತು, ಮಣ್ಣು ಹೊಡೆಸುವ ತಾಳ್ಮೆ ಯಾರಿಗಿತ್ತು, ಹುಣಸೆಯ ಕೊಂಬೆ, ರಾಗಿಹುಲ್ಲು, ಮುರಿದ ಬಂಡಿ, ಕಪಿಲೆಯ ಮರವನ್ನೇ ಕಡಿದು ಒಳಗೆ, ಮೇಲೆ ಮಾತ್ರ ಮಣ್ಣು, ಒಂದೆರಡು ಆಳುದ್ದ ಮಣ್ಣು — ಒಳಗಿನದೆಲ್ಲ ಕೊಳೆತು ಎಷ್ಟು ಇಳಿದಿರಬಹುದು ಈಗ, ಎಷ್ಟು ಕತ್ತಲೆ ತೆರವಾಗಿರಬಹುದು. ಜೀವ ತಕ್ಕಂಡ ಬಾವಿ ಹೆಸರು ಎತ್ಬಾರ್ದು, ಎತ್ತಿದ್ರೆ ಅದು ಇನ್ನೊಂದು ಕೇಳ್ತೈತೆ, ಎಂದಿದ್ದಳು ಆವಲಪ್ಪನ ಅವ್ವ, ಅಂದಿನಿಂದ ಆ ಹೊಲಕ್ಕೆ ಮನೆಯಲ್ಲಿ ಆ ಕಡೆ ಎಂದಷ್ಟೇ ಹೆಸರು, ಹೆಂಗಸರು ಆ ಕಡೆ ಹೋಗುವಾಗ ಸೆರಗನ್ನು ಕಣ್ಣಿಗೆ ಎಳೆದುಕೊಳ್ಳುತ್ತಿದ್ದರು, ನಿಮ್ಮವ್ವ ಕಾಮಾಲೆಯಾಗಿ ಹೋದಳು ಎಂದು ಹುಡುಗನಿಗೆ ಹೇಳಿದ್ದಾಯಿತು, ಹೇಳಿ ಹೇಳಿ ಅದು ಎಲ್ಲರಿಗೂ ನಿಜವೇ ಆಯಿತು. ಪಾಯ ತೆಗೆಯುವ ಮುಂಚೆ ಲೋಕೇಶ ಜಗಲಿಗೆ ಬಂದು ಕೇಳಿದ್ದ, ದೊಡ್ಡವ್ವ, ಇಂಜಿನಿಯರ್ ಕೇಳ್ತಾವ್ನೆ, ಆ ಜಮೀನಲ್ಲಿ ಹಳೇ ಬಾವಿ ಗೀವಿ ಏನಾದ್ರೂ ಇತ್ತಾ, ಬೈರಮ್ಮ ಅವರೆಕಾಯಿ ಸುಲಿಯುತ್ತಿದ್ದಳು, ತಲೆಯೆತ್ತಲಿಲ್ಲ, ಅಲ್ಲಿ ಬಾವಿ ಎಲ್ಲಿಂದ ಬತ್ತದೆ ಮಗ, ಬರೀ ಒಲ, ಎಂದಳು, ಅದು ಸುಳ್ಳಿನ ದನಿಯಾಗಿರಲಿಲ್ಲ, ದೇವರ ಮುಂದೆ ದೀಪ ಸರಿಪಡಿಸುವ ದನಿ, ಕೈ ಒಂದು ಕಾಯಿಗೂ ತಡೆಯಲಿಲ್ಲ, ಆವಲಪ್ಪನೂ ಸುಮ್ಮನಿದ್ದ, ಕಾರು ನಿಲ್ಲಿಸುವ ಜಾಗ ತಾನೇ, ನಿಲ್ಲಲಿ ಎಂದುಕೊಂಡು.

ಲೋಕೇಶ, ಒಳಗಡೆ ಆಲ್‌ನಾಗೆ ಕೂರಾನೇನೋ, ಈ ತಣ್ಣನ್ ಗಾಳಿ ಮಂಡಿಗೆ ಇಡೀತಾ ಐತೆ, ಎಂದ ಆವಲಪ್ಪ. ಅಯ್ಯೋ ದೊಡ್ಡಪ್ಪ, ಮಂಜಿನಲ್ಲಿ ರಾಗಿ ಕಾಯ್ಕೊಂಡು ಮಲಗ್ತಿದ್ದೋರು ನೀವು, ಎಸಿಗೆ ಹೆದರ್ತೀರಾ, ಎನ್ನುತ್ತ ಲೋಕೇಶ ನಂದೀಶನಿಗೆ ಕಣ್ಣಲ್ಲೇ ಹೇಳಿದ, ಎಲ್ಲೋ ಒಂದು ಗುಂಡಿ ಒತ್ತಿದರು, ಗಾಳಿ ನಿಂತಿತು, ಗಾಳಿ ನಿಂತದ್ದರಿಂದ ಇನ್ನೊಂದು ಸದ್ದು ಕೇಳತೊಡಗಿತು, ತೊಟ್ಟಿಯ ನೀರಿನ ಗುಳುಗುಳು, ಅದರ ಕೆಳಗೆ ಮತ್ತೊಂದು, ಅಥವಾ ಅದು ತನ್ನ ಕಿವಿಯದೇ. ಮಾವ, ಸೂಪ್ ತಗೊಳ್ಳಿ, ಬೆಚ್ಚಗಿದೆ, ಎಂದಳು ಶಶಿಕಲಾ, ಲೋಕೇಶನ ಹೆಂಡತಿ, ಅವಳ ದನಿಯಲ್ಲಿ ಮುದುಕರನ್ನು ಸಮಾಧಾನಪಡಿಸುವ ಜೇನು. ಆ ತೊಟ್ಟಿ ಯಾವಾಗ ಬಂತಪ್ಪ, ಎಂದು ಆವಲಪ್ಪ ನಂದೀಶನನ್ನು ಕೇಳಿದ; ಹೋದ ವಾರ ಸಾರ್, ಕ್ರೇನ್ ತರಿಸಿ ಇಳಿಸಿದ್ವಿ, ಎರಡು ಟನ್ ನೀರು, ಜೀವಂತ ಮೀನು ತೋರ್ಸಿದ್ರೆ ಸಾಕು, ಅದನ್ನೇ ಬೇಯ್ಸಿ ಕೊಡ್ತೀವಿ; ಆವಲಪ್ಪ ಈಗ ನೋಡಿದ, ನೋಡಲೇಬೇಕಾಯಿತು, ತೊಟ್ಟಿಯ ಗಾಜಿಗೆ ಕಟ್ಟಿದ ಉಕ್ಕಿನ ಪಟ್ಟಿ, ಪಟ್ಟಿಯ ಕೆಳಗೆ ನೀರಿನ ಗೆರೆ, ಈ ತುದಿಯಲ್ಲಿ ಗೆರೆ ಪಟ್ಟಿಗಿಂತ ನಾಲ್ಕು ಬೆರಳು ಕೆಳಗೆ, ಆ ತುದಿಯಲ್ಲಿ ನೀರು ಪಟ್ಟಿಯನ್ನು ಮುಟ್ಟಿದೆ, ನೀರಂತೂ ಓರೆಯಾಗಿ ನಿಲ್ಲುವುದಿಲ್ಲ, ಹಾಗಾದರೆ ಓರೆಯಾದದ್ದು ಉಳಿದದ್ದೆಲ್ಲ, ಕೋಣೆ, ಮೇಜು, ನಾವು. ತೊಟ್ಟಿಯ ಬುಡದಿಂದ ಟೈಲ್ಸಿನ ಮೇಲೆ ಕೂದಲಿನಂಥ ಗೆರೆಯೊಂದು ಹೊರಟು ಬೈರಮ್ಮನ ಕುರ್ಚಿಯ ಕಾಲಿನವರೆಗೆ ಬಂದಿದೆ, ಅದೇನಪ್ಪ ಬಿರುಕು, ಎಂದ; ಹೊಸ ಕಟ್ಟಡ ಅಲ್ವಾ ಸಾರ್, ಸ್ವಲ್ಪ ಕೂತ್ಕೊಳ್ತದೆ, ಎಲ್ಲಾ ಕಟ್ಟಡನೂ ಕೂತ್ಕೊಳ್ತದೆ. ಅಷ್ಟರಲ್ಲಿ ಇಡೀ ಮೀನು ಬಂತು, ನೀಳ ತಟ್ಟೆಯ ತುಂಬ, ಮೇಲೆ ಶುಂಠಿಯ ಎಸಳು, ತೆರೆದೇ ಇದ್ದ ಬಿಳಿಯ ಕಣ್ಣು, ನಂದೀಶ್ ಬಾಗಿ ಗಾಜನ್ನು ತಿರುಗಿಸಿ ಮೀನಿನ ತಲೆಯನ್ನು ಆವಲಪ್ಪನತ್ತ ನಿಲ್ಲಿಸಿದ, ಇದು ಅವರ ಪದ್ಧತಿ ಸಾರ್, ತಲೆ ಮನೆಯ ಹಿರಿಯರ ಕಡೆ ಇರ್ಬೇಕು, ಅವ್ರು ಶುರು ಮಾಡೋವರ್ಗೂ ಯಾರೂ ಮುಟ್ಟಂಗಿಲ್ಲ, ಎಲ್ಲರ ಮುಖಗಳೂ ತನ್ನತ್ತ, ಶುರು ಮಾಡಿ ದೊಡ್ಡಪ್ಪ, ಕಾಯ್ತಾ ಇದೀವಿ, ಮೀನಿನ ತಲೆ ಮೆಲ್ಲಗೆ ಅವನಿಂದ ಮುಖ ತಿರುಗಿಸತೊಡಗಿತು, ಆ ಕಡೆ, ಆ ಕಡೆ — ಆಗ ಗಾಜಿನ ಅಂಚಿನ ಮೇಲೆ ಒಂದು ಬೆರಳು ಬಂದು ಕೂತಿತು, ಸುಕ್ಕುಗಟ್ಟಿದ ಬೆರಳು, ಉಗುರಿನ ಸುತ್ತ ಅರಿಸಿನ, ಗಾಜು ನಿಂತಿತು. ಬೈರಮ್ಮ ಅವನನ್ನು ನೋಡಲಿಲ್ಲ, ಮೀನನ್ನೂ ನೋಡಲಿಲ್ಲ, ಶಶಿಕಲಾಳೊಡನೆ ಸೀರೆಯ ವಿಷಯ ಮಾತಾಡುತ್ತಲೇ ಇದ್ದಳು, ಬೆರಳು ಮಾತ್ರ ಅಲ್ಲಿ, ಬಿಳುಪೇರುವಷ್ಟು ಒತ್ತಿ. ಇವಳಿಗೂ ಗೊತ್ತು, ಮೊದಲ ಬೋಗುಣಿಯಿಂದಲೇ ಗೊತ್ತು, ಲೋಕವನ್ನೆಲ್ಲ ಒಂದು ಬೆರಳಲ್ಲಿ ಸಮ ಮಾಡಿ ಹಿಡಿದು ಊಟ ಮುಗಿಸಿಬಿಡುವ ಯೋಚನೆ ಅವಳದು, ಮುಗಿದೀತು, ಮುಗಿಯಬಹುದು, ಒಂದು ತುತ್ತು ಬಾಯಿಗಿಟ್ಟು ಎಲ್ಲರೂ ಉಂಡು ಎದ್ದುಹೋದರೆ, ನಾಳೆ ನೆಲ ಕುಸಿದರೂ ಯಾರಿಲ್ಲದ ಕೋಣೆಯಲ್ಲಿ ಕುಸಿದೀತು, ಅವಳು ದೊಡ್ಡವ್ವನಾಗಿಯೇ ಉಳಿದಾಳು, ಲೋಕೇಶನ ಅವ್ವ ಕಾಮಾಲೆಯಲ್ಲೇ ತೀರಿಕೊಂಡಾಳು —

ತಾತ, ಇಲ್ಲಿ ನೆಲ ಮೆತ್ತಗಿದೆ, ಎಂದಿತು ಒಂದು ದನಿ, ಲೋಕೇಶನ ಮಗಳು ವೇಣಿ, ಯಾವಾಗ ಕುರ್ಚಿಯಿಂದ ಇಳಿದುಹೋಯಿತೋ, ತೊಟ್ಟಿಗೆ ಮುಖ ಒತ್ತಿಕೊಂಡು ಬೂಟಿನ ಹಿಮ್ಮಡಿ ಕುಣಿಸುತ್ತಿದೆ, ನೋಡು ತಾತ, ಹಾಸಿಗೆ ಥರ, ತೊಟ್ಟಿಯ ನೀರು ಅದರ ಕುಣಿತಕ್ಕೆ ಸರಿಯಾಗಿ ನಡುಗುತ್ತಿದೆ. ಕುಣೀಬೇಡ ಮಗಾ, ಇತ್ಲಾಗ್ ಬಾ, ಮೆಲ್ಲಕ್ ಬಾ. ಬರಲ್ಲ, ಕೆಂಪು ಮೀನು ನೋಡ್ಬೇಕು. ಆವಲಪ್ಪ ಎದ್ದು ನಿಂತ, ಕಾಲಿಗೆ ಇಳಿಜಾರು ಸಿಕ್ಕಿತು, ಲೋಕೇಶ, ಎದ್ದೇಳು, ಮಗೀನ್ ಎತ್ಕಂಡು ಎಲ್ಲಾರ್ನೂ ಆಚೀಗೆ ಕರ್ಕಂಡೋಗು, ಈ ಜಾಗದ ಕೆಳಗೆ ಬಾವಿ ಐತೆ. ಬಾವಿನಾ, ಲೋಕೇಶನ ನಗು ಇನ್ನೂ ಮುಖದಿಂದ ಇಳಿದಿರಲಿಲ್ಲ, ಅವತ್ತು ಕೇಳ್ದಾಗ ಬರೀ ಹೊಲ ಅಂದ್ರಲ್ಲ, ಯಾವ ಬಾವಿ ದೊಡ್ಡಪ್ಪ. ಕಪಿಲೆ ಬಾವಿ ಕಣೋ, ನಿಮ್ಮವ್ವ ಬಿದ್ದ ಬಾವಿ. ಹೇಳಿಯಾಯಿತು, ಇನ್ನು ಕುರ್ಚಿಗಳು ಕಿರುಗುಡಬೇಕು, ಓಡಬೇಕು, ಮಳೆಗೆ, ರಸ್ತೆಗೆ, ಇನ್ನು ಓಡುತ್ತಾರೆ ಎಂದು ಕಾದ, ಶಶಿಕಲಾ ಮಗುವಿನತ್ತ ಹೊರಡಲು ಅರ್ಧ ಎದ್ದವಳು ಗಂಡನ ಮುಖ ಕಂಡು ಹಾಗೆಯೇ ನಿಂತಳು, ಅರ್ಧ ಎದ್ದಿದ್ದ ಲೋಕೇಶ ಮತ್ತೆ ಕುರ್ಚಿಗೆ ಇಳಿದ, ನಿಧಾನವಾಗಿ, ಪೂರ್ತಿ ಭಾರದೊಡನೆ. ಕಾಮಾಲೆ ಅಂದಿದ್ರಿ. ಆಮ್ಯಾಕೆ ಎಲ್ಲಾ ಯೋಳ್ತೀನಿ ಮಗ, ಮೊದ್ಲು ಈಚೀಗೆ ಬಾ. ದೊಡ್ಡವ್ವ, ನೀನ್ ಹೇಳು, ನಮ್ಮವ್ವ ಬಿದ್ದಿದ್ದಾ, ಯಾಕ್ ಬಿದ್ಲು, ನೀನ್ ಹೇಳೋವರ್ಗೂ ನಾನು ಇಲ್ಲಿಂದ ಕದಲಲ್ಲ. ಯಾರೂ ಕದಲುತ್ತಿಲ್ಲ, ಓಡಿಸಬೇಕಾದ ಮಾತೇ ಎಲ್ಲರನ್ನೂ ಮೊಳೆ ಹೊಡೆದು ಕೂರಿಸಿದೆ, ವೇಣಿಯ ಹಿಮ್ಮಡಿ ಮಾತ್ರ ಟಕ್ ಟಕ್, ಆವಲಪ್ಪ ಮಗುವಿನತ್ತ ಒಂದು ಹೆಜ್ಜೆ ಇಟ್ಟ, ಅವನ ಭಾರಕ್ಕೆ ಕೆಳಗೆ ಏನೋ ಉಸಿರು ಬಿಟ್ಟಿತು, ಎತ್ತಿದ ಕಾಲು ಎತ್ತಿದಲ್ಲೇ ಉಳಿಯಿತು, ಬೈರಮ್ಮನ ಎರಡೂ ಕೈ ಸೆರಗಿಗೆ ಹೋದವು, ಸೆರಗು ಕಣ್ಣಿಗೆ ಹೋಯಿತು, ಬೆರಳು ಬಿಟ್ಟ ಗಾಜು ಒಂದು ಕ್ಷಣ ತಡೆಯಿತು, ಮೀನಿನ ಬಿಳಿಯ ಕಣ್ಣು ಅವನನ್ನು ದಾಟಿತು, ಶಶಿಕಲಾಳನ್ನು ದಾಟಿತು, ಲೋಕೇಶನನ್ನು ದಾಟಿತು, ತಿರುಗುತ್ತಿದೆ, ಮಗುವಿನ ಕಡೆಗೆ, ತಿರುಗುತ್ತಿದೆ