ಹಾಸಿಗೆಯಾಗುವ ಸೀಟು

ನಮ್ಮ ಭಾವ ಯಾರ ಮನೆಯ ಖರ್ಚನ್ನಾದರೂ ತಮ್ಮ ಕಾರ್ಡಿನಲ್ಲಿ ಕೊಡಲು ಸದಾ ಸಿದ್ಧ. ಹೋಟೆಲಿನಲ್ಲಿ ಹನ್ನೆರಡು ಜನ ಕೂತು ಉಂಡರೆ ಬಿಲ್ಲು ಬರುವ ಹೊತ್ತಿಗೆ ಒಬ್ಬೊಬ್ಬರಾಗಿ ಮಾಯವಾಗುವುದು ಲೋಕರೂಢಿ. ನಮ್ಮಲ್ಲಿ ಮಾತ್ರ ಭಾವ ಬಿಲ್ಲಿಗೆ ಅರ್ಧ ದಾರಿಯಲ್ಲೇ ಅಡ್ಡ ಹೋಗಿ ನಿಲ್ಲುತ್ತಿದ್ದರು. ಆಮೇಲೆ ಒಬ್ಬೊಬ್ಬರಿಂದಲೂ ನಗದು ವಸೂಲಿ. ಪಕ್ಕದ ಮನೆಯವರ ಫ್ರಿಜ್ಜು, ನನ್ನ ಹಲ್ಲಿನ ಡಾಕ್ಟರ ಫೀಸು, ಸೋದರತ್ತೆಯ ಮೊಮ್ಮಗಳ ಮದುವೆ ಛತ್ರದ ಬಾಡಿಗೆ, ಎಲ್ಲವೂ ಆ ನೀಲಿ ಕಾರ್ಡಿನ ಮೂಲಕವೇ ಹರಿಯಬೇಕು. ಉಜ್ಜಿದಷ್ಟೂ ವಿಮಾನ ಕಂಪನಿಯ ಪಾಯಿಂಟು ಜಮೆಯಾಗುತ್ತಿತ್ತು. ಮನೆಯ ಮಕ್ಕಳು ‘ಪಾಯಿಂಟ್ ಮಾಮ’ ಎಂದು ಹೆಸರಿಟ್ಟಿದ್ದವು. ಭಾವ ಬೇಜಾರು ಮಾಡಿಕೊಂಡವರಲ್ಲ. ಬ್ಯಾಂಕಿಗೆ ಬಡ್ಡಿಯೆಂದು ಬಿಡಿಗಾಸು ಕೊಟ್ಟವರೂ ಅಲ್ಲ. ಕೊಡುವವರನ್ನು ಕಂಡರೆ, ಕನ್ನಡಕ ಹಾಕಿಕೊಂಡೂ ಗೋಡೆಗೆ ಡಿಕ್ಕಿ ಹೊಡೆಯುವವರನ್ನು ನೋಡಿದಂತೆ ನೋಡುತ್ತಿದ್ದರು. ಅವರದು ಕನ್ನಡಕದ ಅಂಗಡಿ.

ಇಷ್ಟೆಲ್ಲ ಯಾತಕ್ಕೆಂದರೆ, ಅವರ ಹೆಂಡತಿ, ನನ್ನ ಚಿಕ್ಕಕ್ಕನ ಬೆನ್ನಿಗಾಗಿ.

ಚಿಕ್ಕಕ್ಕ ಮೂವತ್ತು ವರ್ಷ ಹೊಲಿಗೆ ಯಂತ್ರದ ಮೇಲೆ ಬಗ್ಗಿ ಕಚೇರಿ, ಆಸ್ಪತ್ರೆಗಳ ಪರದೆ ಹೊಲಿದವಳು. ಡಾಕ್ಟರು ಅವಳ ಬೆನ್ನುಮೂಳೆಗೆ ಸ್ಕ್ರೂ ಹಾಕಿ ಬಿಗಿದ ಮೇಲೆ ಒಂದು ಗಂಟೆಗಿಂತ ಹೆಚ್ಚು ಕೂರಲಾಗುತ್ತಿರಲಿಲ್ಲ. ನಿಲ್ಲಬೇಕು, ಇಲ್ಲವೇ ಮಲಗಬೇಕು. ಆ ಆಪರೇಷನ್ನಿನ ಬಿಲ್ಲೂ ಕಾರ್ಡಿನಲ್ಲೇ ಹೋಯಿತು. “ಒಂದೇ ಏಟಿಗೆ ಹದಿನಾಲ್ಕು ಸಾವಿರ ಪಾಯಿಂಟು ಕಣೋ,” ಎಂದು ಭಾವ ಆಪರೇಷನ್ ಕೋಣೆಯ ಬಾಗಿಲಲ್ಲಿ ನನ್ನ ಕಿವಿಯಲ್ಲಿ ಹೇಳಿದರು. ಹೇಳಿ, ಅತ್ತರು.

ದೊಡ್ಡಕ್ಕ ಇದ್ದದ್ದು ಹನ್ನೊಂದು ಗಂಟೆ ಹಾರಿದರೆ ಸಿಗುವ ಊರಿನಲ್ಲಿ. ನರ್ಸ್ ಆಗಿ ಹೋದವಳು ಅಲ್ಲೇ ನೆಲೆ ನಿಂತಳು. ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಚಿಕ್ಕಕ್ಕನಿಗೆ ಏಳು. ನಮ್ಮ ತಲೆ ಬಾಚಿದ್ದು, ಹೇನು ಹೆಕ್ಕಿದ್ದು, ಕಿವಿ ಹಿಂಡಿದ್ದು ಎಲ್ಲ ದೊಡ್ಡಕ್ಕ. ಅವಳ ಶ್ವಾಸಕೋಶ ಕೆಟ್ಟು ವಿಮಾನ ಹತ್ತಬಾರದೆಂದು ಆದ ಮೇಲೆ, ಅಕ್ಕತಂಗಿಯರು ಮುಖ ನೋಡಿ ಒಂಬತ್ತು ವರ್ಷ ಕಳೆದಿತ್ತು.

ಅದಕ್ಕೆ ಭಾವ ಕಂಡುಕೊಂಡ ಉಪಾಯ, ವಿಮಾನದ ಮುಂಭಾಗದಲ್ಲಿ ಗುಂಡಿ ಒತ್ತಿದರೆ ಹಾಸಿಗೆಯಾಗುವ ಸೀಟು. ದುಡ್ಡು ಕೊಟ್ಟು ಕೊಂಡರೆ ಅಂಗಡಿಯ ಒಂದು ವರ್ಷದ ಬಾಡಿಗೆಯಷ್ಟು. ಪಾಯಿಂಟಿಗಾದರೆ ಬಿಟ್ಟಿ. “ಬಿಟ್ಟಿ ಅಲ್ಲ, ತೆರಿಗೆ ಕಟ್ಟಬೇಕು,” ಎಂದು ಭಾವನೇ ತಿದ್ದುತ್ತಿದ್ದರು. ಚಿಕ್ಕಕ್ಕನಿಗೆ ಚೀಲ ಎತ್ತಲಾಗದು, ಬಗ್ಗಿ ಚಪ್ಪಲಿ ಹಾಕಿಕೊಳ್ಳಲಾಗದು, ಬೆನ್ನಿನ ಪಟ್ಟಿಯನ್ನು ಹಿಂದಿನಿಂದ ಯಾರಾದರೂ ಬಿಗಿಯಬೇಕು. ಆದ್ದರಿಂದ ಬೇಕಾದದ್ದು ಎರಡು ಸೀಟು. ಇಬ್ಬರು ಹೋಗಿ ಬರಲು ಮೊದಲು ಎರಡು ಲಕ್ಷ ಪಾಯಿಂಟು ಸಾಕಿತ್ತು. ಭಾವ ಒಂದು ಲಕ್ಷ ತೊಂಬತ್ತು ಸಾವಿರ ಮುಟ್ಟಿದ ತಿಂಗಳು ವಿಮಾನ ಕಂಪನಿ ಅದನ್ನು ಎರಡು ಲಕ್ಷ ಅರವತ್ತಕ್ಕೆ ಏರಿಸಿತು. ಎರಡೂವರೆ ಮುಟ್ಟಿದಾಗ ಮೂರು ಲಕ್ಷ ಇಪ್ಪತ್ತು. ಪ್ರತಿ ಸಲವೂ ‘ನಿಮ್ಮ ಅನುಭವವನ್ನು ಇನ್ನಷ್ಟು ಸೊಗಸಾಗಿಸಲು’ ಎಂದು ಶುರುವಾಗುವ ಒಂದು ಪತ್ರ. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಅಷ್ಟು ತಪ್ಪಿಲ್ಲದ ಸುಳ್ಳು ನನ್ನ ಮೇಜಿಗೂ ಅಪರೂಪಕ್ಕೆ ಬರುತ್ತದೆ.

ಹೋದ ವರ್ಷ ನಾನು ಹಿಂದಿನ ಸೀಟಿನಲ್ಲಿ ಮಂಡಿ ಮಡಚಿಕೊಂಡು ಹೋಗಿ ದೊಡ್ಡಕ್ಕನನ್ನು ನೋಡಿಬಂದೆ. “ಟಿಕೆಟ್ಟು ನಗದು ಕೊಟ್ಟು ತಗೊಂಡ್ಯಾ?” ಎಂದು ಭಾವ ಕೇಳಿದರು, ಮನೆಗೆ ನೀನೇ ಬೆಂಕಿ ಇಟ್ಟೆಯಾ ಎಂದು ಕೇಳುವ ದನಿಯಲ್ಲಿ.

ಈ ವರ್ಷ ದೊಡ್ಡಕ್ಕನ ಮಗಳು ಫೋನ್ ಮಾಡಿದಳು. “ಮಾಮ, ಡಾಕ್ಟರು ಇನ್ನು ಕೆಲವೇ ವಾರ ಅಂತಿದಾರೆ. ಅಮ್ಮ ದಿನಾ ಚಿಕ್ಕಮ್ಮನ್ನ ಕೇಳ್ತಾಳೆ.”

ಭಾವನ ಬಳಿ ಆಗ ಮೂರು ಲಕ್ಷ ಹನ್ನೊಂದು ಸಾವಿರ ಇತ್ತು. ಒಂಬತ್ತು ಸಾವಿರ ಕಡಿಮೆ. ಕಂಪನಿ ಪಾಯಿಂಟನ್ನು ದುಡ್ಡಿಗೂ ಮಾರುತ್ತದೆ, ಮೂರು ಪಟ್ಟು ಬೆಲೆಗೆ. ಹೊಟ್ಟೆ ಕಟ್ಟಿ ಅದನ್ನೂ ಕೊಂಡರು. ಕೊಂಡು ನೋಡಿದರೆ, ಪಾಯಿಂಟಿಗೆಂದು ಬಿಡುವ ಸೀಟು ಆ ದಾರಿಯಲ್ಲಿ ಐದು ವಾರ ಒಂದೂ ಇಲ್ಲ. ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಗಾಜು ಬದಲಾಯಿಸುತ್ತ, “ಇದು ಸ್ಪಷ್ಟವಾ, ಅದು ಸ್ಪಷ್ಟವಾ?” ಎನ್ನುತ್ತಲೇ ಇನ್ನೊಂದು ಕೈಯಲ್ಲಿ ಫೋನ್ ತಿಕ್ಕುತ್ತಿದ್ದರು. ಇಂಥ ಸೀಟು ಎದ್ದರೆ ಗಳಿಗೆಯಲ್ಲಿ ಏಳುತ್ತದೆ, ಗಳಿಗೆಯಲ್ಲಿ ಮುಳುಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಹದಿನೈದು ದಿನ ಹೀಗೇ ಕಳೆಯಿತು. ಒಂದು ಸಂಜೆ ಚಿಕ್ಕಕ್ಕ ನನ್ನ ಮನೆಗೆ ಬಂದು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಗುಂಡಿ ತುಂಬಿಡುವ ತಗಡಿನ ಡಬ್ಬ ತೆರೆದಳು. ಒಳಗೆ ಗುಂಡಿ ಇರಲಿಲ್ಲ. ಪರದೆ ಹೊಲಿದ ದುಡ್ಡಿತ್ತು.

“ನಾಳಿದ್ದು ಬೆಳಗ್ಗೆ ಆರಕ್ಕೆ ಒಂದು ವಿಮಾನ ಇದೆಯಂತೆ. ಹಿಂದಿನ ಸೀಟು ಒಂದು ತೆಗೆದುಕೊಡು.”

“ಅಕ್ಕಾ, ಹನ್ನೊಂದು ಗಂಟೆ! ಹೇಗೆ ಕೂರ್ತೀಯ?”

“ಯಾರು ಕೂರ್ತಾರೆ? ಹಿಂದೆ ಕಕ್ಕಸಿನ ಹತ್ರ ಜಾಗ ಇರತ್ತೆ ಅಂತ ನೀನೇ ಹೇಳಿದ್ದೆ. ನಿಂತ್ಕೋತೀನಿ. ಓಡಿಸಿದರೆ ಸ್ವಲ್ಪ ಕೂತು ಮತ್ತೆ ಬಂದು ನಿಂತ್ಕೋತೀನಿ.”

“ಭಾವನಿಗೆ ಹೇಳಿದ್ಯಾ?”

“ಹೇಳಿದ್ರೆ ಅವರು ನೋಡ್ತಾರೆ.” ಅವಳು ಡಬ್ಬದ ಮುಚ್ಚಳವನ್ನು ಸೆರಗಿನಿಂದ ಒರೆಸಿದಳು. “ನೋಡ್ತಾನೇ ಇರ್ತಾರೆ ಕಣೋ. ಹೋದ ಗುರುವಾರ ಚಹಾ ಕೊಡೋಕೆ ಹೋದಾಗ ಫೋನಲ್ಲಿ ಒಂದು ಸೀಟು ಎದ್ದಿತ್ತು. ಮಂಗಳವಾರದ್ದು. ಒಂದೇ ಒಂದು. ಇವರು ಅದನ್ನ ನೋಡಿ, ಎರಡಾಗಲಿ ಅಂತ ಕಾದರು. ನಾನು ಹಿಂದೇನೇ ನಿಂತಿದ್ದೆ. ಚಹಾ ಆರೋದ್ರೊಳಗೆ ಅದೂ ಹೋಯ್ತು.”

“ನೀನು ಬಾಯಿಬಿಟ್ಟು ಹೇಳಬಾರದಿತ್ತಾ, ಒಂದನ್ನೇ ತೆಗೀರಿ ಅಂತ?”

“ಆರು ವರ್ಷ ಕೂಡಿಹಾಕಿದಾರೆ, ಇಬ್ಬರೂ ಹೋಗೋಣ ಅಂತ. ಬಾಯಿ ಬರಲಿಲ್ಲ.”

ನಾನೂ ಬರುತ್ತೇನೆ ಎಂದೆ. “ಬೇಡ. ನಾನು ಹೊರಟ ಮೇಲೆ ಅವರಿಗೆ ತಿಳಿಸೋಕೆ ಯಾರಾದರೂ ಬೇಕಲ್ಲ,” ಎಂದಳು. ಕಿರಿಯವನಾಗಿ ಹುಟ್ಟಿದ್ದಕ್ಕೆ ಇಂಥ ಕೆಲಸಗಳೇ ನನ್ನ ಪಾಲಿಗೆ.

ಮರುದಿನ ಪರದೆಯ ಅಳತೆಯ ನೆಪ ಹೇಳಿ ನನ್ನ ಮನೆಯಲ್ಲೇ ಮಲಗಿದಳು. ಬೆಳಗ್ಗೆ ಬೆನ್ನಿನ ಪಟ್ಟಿಯನ್ನು ನಾನೇ ಬಿಗಿದೆ. “ಇನ್ನೂ ಬಿಗಿ. ಇವರು ಮಂಡಿ ಊರಿ ಎಳೀತಾರೆ,” ಎಂದಳು.

ಹತ್ತು ಗಂಟೆಗೆ ಅಂಗಡಿಗೆ ಹೋಗಿ ಭಾವನಿಗೆ ಹೇಳಿದೆ. ಅವರು ಒರೆಸುತ್ತಿದ್ದ ಗಾಜನ್ನು ಒರೆಸುತ್ತಲೇ ಹೋದರು.

“ಹಿಂದಿನ ಸೀಟಾ?”

“ಹೂಂ.”

“ನಗದು ಕೊಟ್ಟು?”

“ಹೂಂ.”

“ಕಾರ್ಡಲ್ಲಿ ತಗೊಂಡಿದ್ರೆ ಎರಡು ಸಾವಿರ...” ಎಂದವರು ಅಲ್ಲಿಗೇ ನಿಲ್ಲಿಸಿದರು. ಆ ಮಾತು ತಮ್ಮ ಬಾಯಿಂದಲೇ ಬಂದದ್ದೆಂದು ತಿಳಿಯುವುದಕ್ಕೆ ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ, “ಪಟ್ಟಿ ಯಾರು ಕಟ್ಟಿದ್ದು?” ಎಂದು ಕೇಳಿದರು. ನಾನೇ ಎಂದೆ. “ನಿಂಗೆ ಬರಲ್ಲ ಅದು,” ಎಂದರು. ಅಷ್ಟೇ ಬೈದದ್ದು.

ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ನನ್ನ ಫೋನ್ ಬಡಿಯಿತು. ದೊಡ್ಡಕ್ಕನ ಮಗಳು. “ಮಾಮ,” ಎಂದಳು, ಮುಂದಿನದು ಅಳು. ಅಲ್ಲಿಯ ಬೆಳಗಿನ ಜಾವ ಎಚ್ಚರಾಗಿ, ಚಿಕ್ಕಮ್ಮ ಹೊರಟಿದ್ದಾಳೆ ಎಂದು ಮಗಳು ಹೇಳಿದ್ದಕ್ಕೆ, “ಅವಳಿಗೆ ಕೂರೋಕಾಗಲ್ವಲ್ಲೇ,” ಎಂದಳಂತೆ ದೊಡ್ಡಕ್ಕ. ಆಮೇಲೆ ಮಾತಾಡಲಿಲ್ಲ.

ಚಿಕ್ಕಕ್ಕ ಇನ್ನೂ ಐದು ಗಂಟೆ ಆಕಾಶದಲ್ಲಿರಬೇಕಾಗಿತ್ತು. ಸತ್ತವರ ಸುದ್ದಿ ಇಬ್ಬರು ಗಂಡಸರ ಹತ್ತಿರ. ಅದು ಸೇರಬೇಕಾದವಳು ಎಲ್ಲೋ ಕಕ್ಕಸಿನ ಬಾಗಿಲ ಪಕ್ಕ ನಿಂತು, ಹೋಗಿ ಬರುವವರಿಗೆಲ್ಲ ಜಾಗ ಬಿಡುತ್ತಿದ್ದಾಳೆ.

ಭಾವ ಅಂಗಡಿಯ ಬಾಗಿಲಿನ ಫಲಕ ತಿರುಗಿಸಿ, ಗಿರಾಕಿಯ ಸ್ಟೂಲಿನ ಮೇಲೆ ಕೂತು, ಕಂಪನಿಯ ಪಾಯಿಂಟ್ ವಿಭಾಗಕ್ಕೆ ಫೋನ್ ಹಚ್ಚಿದರು. ಸದಸ್ಯ ಸಂಖ್ಯೆಯನ್ನು ನೋಡದೆಯೇ ಹೇಳಿದರು. ಸ್ಪೀಕರಿನಲ್ಲಿ ಒಂದು ಎಳೆಯ ಹೆಣ್ಣುದನಿ.

“ಹೇಳಿ ಸರ್, ಹೇಗೆ ಸಹಾಯ ಮಾಡಲಿ?”

“ಬೆಳಗ್ಗೆ ಆರರ ವಿಮಾನದಲ್ಲಿ ನನ್ನ ಹೆಂಡ್ತಿ ಇದಾಳೆ. ಹಿಂದಿನ ಸೀಟು. ಅವಳನ್ನ ಮುಂದೆ ಮಲಗೋ ಸೀಟಿಗೆ ಹಾಕಬೇಕು.”

“ಸರ್, ಆ ವಿಮಾನ ಆಗಲೇ ಹೊರಟಿದೆ.”

“ಗೊತ್ತಮ್ಮ. ಹಾರ್ತಾ ಇದೆ. ಮುಂದೆ ಸೀಟು ಖಾಲಿ ಇದೆಯಾ ನೋಡಿ.”

ಕೀಲಿಮಣೆ ಕುಟ್ಟುವ ಸದ್ದು ಕೇಳಿಸಿತು. “ಇದೆ ಸರ್, ಏಳು ಸೀಟು ಖಾಲಿ ಹೋಗಿದೆ. ಆದರೆ...”

“ಮೂರು ಲಕ್ಷ ಇಪ್ಪತ್ತು ಸಾವಿರ ಇದೆ ನನ್ನ ಹತ್ರ. ಅಷ್ಟನ್ನೂ ತಗೊಳ್ಳಿ. ಐದು ಗಂಟೆಗೆ ಸಾಕು. ವಾಪಸ್ ಬೇಡ ನಂಗೆ.”

“ಹಾರೋ ವಿಮಾನದಲ್ಲಿ ಪಾಯಿಂಟ್ ಬಳಸೋಕೆ ಆಗಲ್ಲ ಸರ್.”

“ಯಾರಿಗಾದ್ರೂ ಹೇಳಿ. ಓಡಿಸೋರಿಗೆ ಹೇಳಿ. ಅವಳ ಅಕ್ಕ ತೀರ್ಕೊಂಡಿದಾಳೆ, ಅವಳಿಗೆ ಗೊತ್ತಿಲ್ಲ. ಇಳಿಯೋವರೆಗಾದ್ರೂ ಮಲಗಲಿ.”

ಆ ಹುಡುಗಿಗೆ ಓದಲು ಕೊಟ್ಟ ಕಾಗದದಲ್ಲಿ ಇದಕ್ಕೆ ಉತ್ತರ ಇದ್ದಿರಲಿಕ್ಕಿಲ್ಲ. “ನಮ್ಮಿಂದ ಆಗಲ್ಲ ಸರ್, ತುಂಬ ಕ್ಷಮಿಸಿ,” ಎಂದಳು ಕೊನೆಗೆ. ಅದು ಕಾಗದದ ಕ್ಷಮೆ ಅಲ್ಲವೆಂದು ನನ್ನ ಕಿವಿಗೆ ಅನ್ನಿಸಿತು. “ಬೇರೆ ಏನಾದ್ರೂ...”

“ಅವಳು ಕೂತಿದಾಳಾ, ನಿಂತಿದಾಳಾ? ಅದಾದ್ರೂ ಕಾಣತ್ತಾ ನಿಮಗೆ?”

“ಇಲ್ಲ ಸರ್. ಕಾಣಲ್ಲ.”

ಆ ಮಧ್ಯಾಹ್ನ ನಾವು ಊಟ ಮಾಡಲಿಲ್ಲ. ಅಂಗಡಿಯ ನಾಲ್ಕೂ ಗೋಡೆಯಲ್ಲಿ ಖಾಲಿ ಕನ್ನಡಕಗಳು. ಮುಚ್ಚಿದ ಬಾಗಿಲು ತಟ್ಟಿ, ಕಾಲು ಕಳಚಿದ ಕನ್ನಡಕ ತೋರಿಸಿದವರೊಬ್ಬರಿಗೆ ಭಾವ ಎದ್ದು ಹೋಗಿ ಸ್ಕ್ರೂ ಕೂರಿಸಿಕೊಟ್ಟರು, ದುಡ್ಡು ಬೇಡವೆಂದರು. “ಕಾರ್ಡ್ ಇದೆ,” ಎಂದರು ಅವರು, ಒತ್ತಾಯ ಮಾಡುತ್ತ. ಭಾವ ಬಾಗಿಲು ಹಾಕಿಕೊಂಡರು.

“ನಾನು ಮಾತಾಡಲಾ?” ಎಂದು ಕೇಳಿದೆ, ಐದು ಹತ್ತಿರವಾದಾಗ.

“ಬೇಡ. ಅವಳನ್ನ ಕಾಯಿಸಿದ್ದು ನಾನು.”

ಐದೂ ಹತ್ತಕ್ಕೆ ಅವಳೇ ಭಾವನಿಗೆ ಫೋನ್ ಮಾಡಿದಳು. ಭಾವ ಸ್ಪೀಕರ್ ಹಾಕಿದರು. ಇಳಿದವರ ಗದ್ದಲ, ಚೀಲದ ಚಕ್ರಗಳ ಸದ್ದು, ಅದರ ಮೇಲೆ ಚಿಕ್ಕಕ್ಕನ ದನಿ. ಬಿಗಿಹಿಡಿದ ಉಸಿರು, ಆದರೂ ಅದರಲ್ಲೊಂದು ಗೆಲುವು.

“ರೀ, ಬಂದು ಇಳಿದೆ. ಬೆನ್ನು ಪರವಾಗಿಲ್ಲ. ವಿಮಾನದ ಹುಡುಗೀರು ಪಾಪ, ತಮ್ಮ ಅಡುಗೆ ಜಾಗದಲ್ಲೇ ನಿಲ್ಲೋಕೆ ಬಿಟ್ಟರು. ಕೋಪ ಮಾಡ್ಕೋಬೇಡಿ. ಅಕ್ಕನ್ನ ನೋಡ್ಕೊಂಡು ಬರ್ತೀನಿ, ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ.”

ಭಾವ ಗಾಜು ಒರೆಸುವ ಬಟ್ಟೆಯನ್ನು ಮಡಚಿ ಮತ್ತೆ ಬಿಚ್ಚಿದರು.

“ರೀ? ಕೇಳ್ತಿದೆಯಾ?”

“ಅಲ್ಲೆಲ್ಲಾದ್ರೂ ಬೆಂಚಿದೆಯಾ ನೋಡು,” ಎಂದರು ಭಾವ. “ಸ್ವಲ್ಪ ಕೂತ್ಕೋ.”

“ಕೂರೋದಾ? ನಂಗಾ?” ಅವಳು ನಗಲು ಹೊರಟಳು. ಆ ನಗು ಎಲ್ಲೋ ನಡುವೆ ನಿಂತಿತು. ಆಮೇಲೆ ಬಹಳ ಹೊತ್ತು ಬರೀ ಚಕ್ರಗಳ ಸದ್ದು, ಯಾರನ್ನೋ ಯಾರೋ ಕೂಗುವ ಸದ್ದು.

“ಕೂತೆ,” ಎಂದಳು ಚಿಕ್ಕಕ್ಕ.